ನೆನೆಸಿಕೊಂಡಾಗ ನೆನಪಿಗೆ ಏನಾಗುತ್ತದೆ

ಚೆನ್ನಾಗಿ ಗೊತ್ತಿರುವ ಹೆಸರು, ಬಾಯಿಗೆ ಮಾತ್ರ ಬರುವುದಿಲ್ಲ. ನಾಲಿಗೆ ತುದಿಯಲ್ಲೇ ಇದೆ ಅನ್ನಿಸುತ್ತದೆ. ಯಾವ ಅಕ್ಷರದಿಂದ ಶುರುವಾಗುತ್ತದೆ, ಉದ್ದನೆಯದೋ ಚಿಕ್ಕದೋ ಅನ್ನುವುದೂ ಗೊತ್ತು. ಪಕ್ಕದಲ್ಲಿದ್ದವರು ಒಂದೊಂದೇ ಹೆಸರು ಹೇಳುತ್ತಾ ಹೋದರೆ 'ಅದಲ್ಲ, ಅದೂ ಅಲ್ಲ' ಎಂದು ತಲೆಯಾಡಿಸುತ್ತೇವೆ. ಸರಿಯಾದದ್ದು ಕಿವಿಗೆ ಬಿದ್ದ ಕೂಡಲೇ 'ಹಾಂ, ಅದೇ!' ಅನ್ನುತ್ತೇವೆ. ಅಂದರೆ ಹೆಸರು ಒಳಗೇ ಇತ್ತು. ಇಲ್ಲದಿದ್ದರೆ ಬೇರೆಯವನ್ನು ಅಷ್ಟು ಗಟ್ಟಿಯಾಗಿ ಅಲ್ಲ ಅನ್ನಲು ಸಾಧ್ಯವಿತ್ತಾ?

1966ರಲ್ಲಿ ಮನೋವಿಜ್ಞಾನಿಗಳಾದ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಈ ಅನುಭವವನ್ನೇ ಪ್ರಯೋಗಕ್ಕೆ ತಂದರು. ಅಪರೂಪದ ಪದಗಳ ಅರ್ಥ ಓದಿ ಹೇಳಿ, ಪದ ಯಾವುದು ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಪದ ನಾಲಿಗೆ ತುದಿಯಲ್ಲಿ ಸಿಕ್ಕಿಕೊಂಡಿದ್ದವರು ಅದರ ಮೊದಲ ಅಕ್ಷರವನ್ನು ಅರ್ಧಕ್ಕಿಂತ ಜಾಸ್ತಿ ಸಲ ಸರಿಯಾಗಿ ಹೇಳಿದರು. ಪದ ಇನ್ನೂ ಸಿಕ್ಕಿಲ್ಲ, ಅದರ ಚೂರುಗಳು ಮಾತ್ರ ಕೈಗೆ ಬಂದಿವೆ.

ನೆನಪಿನ ಬಗ್ಗೆ ಓದತೊಡಗಿದಾಗ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಈ ಪ್ರಯೋಗ. ನಾವು ಸಾಮಾನ್ಯವಾಗಿ ಮನಸ್ಸನ್ನು ಒಂದು ಕಪಾಟು ಎಂದುಕೊಳ್ಳುತ್ತೇವೆ. ಚೆನ್ನಾಗಿ ಜೋಡಿಸಿ ಇಟ್ಟರೆ ಸಾಕು, ಬೇಕಾದಾಗ ಬಾಗಿಲು ತೆಗೆದರೆ ಸಿಗುತ್ತದೆ, ಇಟ್ಟದ್ದು ಇಟ್ಟ ಹಾಗೇ ಇರುತ್ತದೆ ಎಂಬ ನಂಬಿಕೆ. ಅದಕ್ಕೇ ಓದುವ ಮಕ್ಕಳಿಗೆ 'ಇನ್ನೊಂದು ಸಲ ಓದು' ಅನ್ನುತ್ತೇವೆ. ಓದುತ್ತಾ ಹೋದಂತೆ ನನಗೆ ಬೇರೆಯೇ ಒಂದು ವಿಷಯ ಮನದಟ್ಟಾಯಿತು. ನೆನಪಿನಲ್ಲಿ ಇಡುವ ಕೆಲಸಕ್ಕಿಂತ ತೆಗೆಯುವ ಕೆಲಸವೇ ದೊಡ್ಡದು. ನೆನಪು ಗಟ್ಟಿಯಾಗುವುದೂ ಆಗಲೇ, ಬದಲಾಗುವುದೂ ಆಗಲೇ.

ಮೊದಲಿನಿಂದ ನೋಡೋಣ. ಕಣ್ಣಿಗೆ ಬಿದ್ದದ್ದು ಎಷ್ಟು ಹೊತ್ತು ಉಳಿಯುತ್ತದೆ? 1960ರಲ್ಲಿ ಜಾರ್ಜ್ ಸ್ಪರ್ಲಿಂಗ್ ಇದನ್ನು ಅಳೆದ ರೀತಿ ನನಗೆ ತುಂಬಾ ಇಷ್ಟ. ಮೂರು ಸಾಲು, ಸಾಲಿಗೆ ನಾಲ್ಕು, ಒಟ್ಟು 12 ಅಕ್ಷರಗಳನ್ನು ಸೆಕೆಂಡಿನ 20ರಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ ತೋರಿಸಿದರು. ಏನೇನು ಕಂಡಿತು ಎಂದರೆ ಜನ ನಾಲ್ಕೈದು ಅಕ್ಷರ ಹೇಳಿ ನಿಂತುಬಿಡುತ್ತಿದ್ದರು. ಆದರೆ ಎಲ್ಲವೂ ಕಂಡಿತ್ತು, ಹೇಳುವಷ್ಟರಲ್ಲಿ ಮಾಯವಾಯಿತು ಅನ್ನುತ್ತಿದ್ದರು. ಸ್ಪರ್ಲಿಂಗ್ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡರು. ಅಕ್ಷರಗಳು ಮರೆಯಾದ ಕೂಡಲೇ ಒಂದು ನಾದ ಕೇಳಿಸಿದರು. ಏರುದನಿಯಾದರೆ ಮೇಲಿನ ಸಾಲು ಹೇಳಬೇಕು, ಮಧ್ಯದ ದನಿಯಾದರೆ ನಡುವಿನದು, ತಗ್ಗುದನಿಯಾದರೆ ಕೆಳಗಿನದು. ಯಾವ ಸಾಲು ಕೇಳುತ್ತಾರೆ ಎಂದು ಮೊದಲೇ ಯಾರಿಗೂ ಗೊತ್ತಿಲ್ಲ. ಆದರೂ ಕೇಳಿದ ಸಾಲಿನ 4 ಅಕ್ಷರಗಳಲ್ಲಿ ಸುಮಾರು 3 ಹೇಳಿಬಿಟ್ಟರು. ಯಾವ ಸಾಲು ಕೇಳಿದರೂ 3 ಬರುತ್ತದೆ ಅಂದರೆ, ಆ ಗಳಿಗೆಯಲ್ಲಿ 9ರಷ್ಟಾದರೂ ಅಕ್ಷರಗಳು ಅವರ ಬಳಿ ಇದ್ದವು. ನಾದ ಒಂದು ಸೆಕೆಂಡ್ ತಡವಾದರೆ ಈ ಅನುಕೂಲ ಪೂರ್ತಿ ಹೋಗುತ್ತಿತ್ತು. ನಮಗೆ ಕಾಣುವುದು ಬಹಳ, ಹೇಳಿ ಮುಗಿಸಲು ಸಿಗುವ ಸಮಯ ಕಡಿಮೆ.

ಗಮನ ಕೊಟ್ಟು ಹಿಡಿದುಕೊಂಡದ್ದಾದರೂ ಉಳಿಯುತ್ತದೆಯೇ? ಒಳಗೊಳಗೇ ಹೇಳಿಕೊಳ್ಳುತ್ತಿದ್ದರೆ ಉಳಿಯುತ್ತದೆ. 1959ರಲ್ಲಿ ಲಾಯ್ಡ್ ಪೀಟರ್ಸನ್ ಮತ್ತು ಮಾರ್ಗರೆಟ್ ಪೀಟರ್ಸನ್ ಮೂರೇ ಮೂರು ಅಕ್ಷರ ಕೊಟ್ಟು, ಮನಸ್ಸಿನಲ್ಲಿ ಹೇಳಿಕೊಳ್ಳಲು ಬಿಡುವೇ ಸಿಗದ ಹಾಗೆ ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲು ಹೇಳಿದರು. 18 ಸೆಕೆಂಡ್ ಆಗುವಷ್ಟರಲ್ಲಿ ಹತ್ತು ಸಲಕ್ಕೆ ಒಂದು ಸಲ ಕೂಡ ಆ ಮೂರು ಅಕ್ಷರ ಸರಿಯಾಗಿ ಬರುತ್ತಿರಲಿಲ್ಲ. ಇಷ್ಟು ಸೋರುವ ಜಾಗದಲ್ಲೇ ನಾವು ಮಾತನ್ನು ಅರ್ಥ ಮಾಡಿಕೊಳ್ಳುತ್ತೇವೆ, ಲೆಕ್ಕ ಮಾಡುತ್ತೇವೆ, ವಾಕ್ಯದ ಕೊನೆ ತಲುಪುವಾಗ ಅದರ ಶುರುವನ್ನು ಹಿಡಿದಿಟ್ಟಿರುತ್ತೇವೆ. ಜಾರ್ಜ್ ಮಿಲ್ಲರ್ 1956ರಲ್ಲಿ ಇಲ್ಲಿ ಹಿಡಿಸುವುದು 7ರ ಆಸುಪಾಸು ಎಂದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು 4ರ ಆಸುಪಾಸಿಗೆ ಇಳಿಸಿದರು.

ಆದರೆ 4 ಅಂದರೆ ನಾಲ್ಕು ಏನು? ಇದೇ ಮುಖ್ಯ ಪ್ರಶ್ನೆ. ನಾಲ್ಕು ಅಂಕಿ ಆಗಬಹುದು, ನಾಲ್ಕು ಪದವೂ ಆಗಬಹುದು. ಆಂಡರ್ಸ್ ಎರಿಕ್ಸನ್ ಮತ್ತು ವಿಲಿಯಂ ಚೇಸ್ 1980ರಲ್ಲಿ ಒಬ್ಬ ವಿದ್ಯಾರ್ಥಿಯ ಬಗ್ಗೆ ಬರೆದರು. ಬರಹದಲ್ಲಿ ಅವನಿಗೆ ಎಸ್.ಎಫ್. ಎಂದಷ್ಟೇ ಹೆಸರು. ಮೊದಲು ಎಲ್ಲರ ಹಾಗೆ 7 ಅಂಕಿ ಕೇಳಿ ತಿರುಗಿ ಹೇಳುತ್ತಿದ್ದವನು, ಸುಮಾರು 230 ಗಂಟೆಗಳ ಅಭ್ಯಾಸದ ಕೊನೆಗೆ 79 ಅಂಕಿ ಹೇಳುತ್ತಿದ್ದ. ಅವನು ದೂರದ ಓಟದ ಓಟಗಾರ. 3, 4, 9, 2 ಎಂದು ಕೇಳಿದರೆ ಅವನಿಗೆ ಅದು 3 ನಿಮಿಷ 49.2 ಸೆಕೆಂಡ್, ಅಂದರೆ ಒಂದು ಮೈಲಿ ಓಟದ ವಿಶ್ವದಾಖಲೆಯ ಹತ್ತಿರದ ಸಮಯ. ಅಂಕಿಗೆ ಬದಲು ಅಕ್ಷರ ಕೊಟ್ಟಾಗ ಅವನು ಮತ್ತೆ 6ರ ಸುತ್ತಮುತ್ತ ಬಂದು ನಿಂತ. ಅವನ ಶಕ್ತಿಯೆಲ್ಲ ಇದ್ದದ್ದು ಓಟದ ಬಗ್ಗೆ ಮೊದಲೇ ಗೊತ್ತಿದ್ದದ್ದರಲ್ಲಿ. ಹೊಸದು ಅಂಟಿಕೊಳ್ಳಲು ಹಳೆಯದು ಬೇಕು. ಒಂದು ವಿಷಯದ ಬಗ್ಗೆ ಜಾಸ್ತಿ ಗೊತ್ತಿರುವವರಿಗೆ ಆ ವಿಷಯ ಇನ್ನೂ ಸುಲಭವಾಗಿ ನೆನಪಿರುವುದು ಇದಕ್ಕೇ.

ಪಠ್ಯಪುಸ್ತಕಗಳಲ್ಲಿ ಬರುವ ಮೂರು ಹಂತದ ಚಿತ್ರ, ಅಂದರೆ ಇಂದ್ರಿಯಗಳ ನೆನಪು, ಅಲ್ಪಕಾಲದ ನೆನಪು, ದೀರ್ಘಕಾಲದ ನೆನಪು, 1968ರಲ್ಲಿ ರಿಚರ್ಡ್ ಅಟ್ಕಿನ್ಸನ್ ಮತ್ತು ರಿಚರ್ಡ್ ಶಿಫ್ರಿನ್ ಕೊಟ್ಟದ್ದು. 1974ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ನಡುವಿನ ಹಂತವನ್ನು ಸುಮ್ನೆ ಇಟ್ಟುಕೊಳ್ಳುವ ಜಾಗವಲ್ಲ, ಕೆಲಸ ನಡೆಯುವ ಜಾಗ ಎಂದು ತಿದ್ದಿದರು. ಚಿತ್ರ ಉಪಯೋಗದ್ದೇ. ಆದರೆ ಬಾಣದ ಗುರುತು ಎಡದಿಂದ ಬಲಕ್ಕೆ ಹೋಗಿ ಮುಗಿಯುವುದರಿಂದ, ಅಲ್ಲಿಗೆ ತಲುಪಿದ ನೆನಪಿಗೆ ಆಮೇಲೆ ಏನೂ ಆಗುವುದಿಲ್ಲ ಅನ್ನಿಸಿಬಿಡುತ್ತದೆ.

ಹೆನ್ರಿ ಮೊಲೈಸನ್ ಬಗ್ಗೆ ಬರೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1926ರಲ್ಲಿ ಹುಟ್ಟಿದವರು. ಅಪಸ್ಮಾರ ಎಷ್ಟು ಜೋರಾಗಿತ್ತೆಂದರೆ ದುಡಿದು ಬದುಕುವುದೇ ಕಷ್ಟವಾಗಿತ್ತು. 1953ರಲ್ಲಿ, 27ನೇ ವಯಸ್ಸಿನಲ್ಲಿ, ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್ ಅವರ ಮಿದುಳಿನ ಎರಡೂ ಕಡೆ ಹಿಪೊಕ್ಯಾಂಪಸ್ ಎಂಬ ಒಳಗಿನ ಅಂಗದ ದೊಡ್ಡ ಪಾಲನ್ನು ತೆಗೆದರು. ಅಪಸ್ಮಾರ ತಗ್ಗಿತು. ಆದರೆ ಅಂದಿನಿಂದ ಅವರ ಬದುಕಿನಲ್ಲಿ ಏನೇ ನಡೆದರೂ ನೆನಪಾಗಿ ಉಳಿಯಲಿಲ್ಲ. ಬುದ್ಧಿ ಚುರುಕಾಗಿಯೇ ಇತ್ತು, ಮಾತು ಸರಿ ಇತ್ತು, ಬಾಲ್ಯ ನೆನಪಿತ್ತು. ಅವರನ್ನು ವರ್ಷಗಟ್ಟಲೆ ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಪ್ರತಿಸಲವೂ ಹೊಸದಾಗಿ ಪರಿಚಯ ಹೇಳಿಕೊಳ್ಳಬೇಕಿತ್ತು. ಒಮ್ಮೆ 584 ಎಂಬ ಸಂಖ್ಯೆಯನ್ನು ಮನಸ್ಸಿನಲ್ಲೇ ಕೂಡುತ್ತಾ ಕಳೆಯುತ್ತಾ ಕಾಲು ಗಂಟೆ ಹಿಡಿದಿಟ್ಟುಕೊಂಡಿದ್ದರು. ಗಮನ ಬೇರೆ ಕಡೆ ಹೋದ ಮೇಲೆ ಆ ಸಂಖ್ಯೆಯೂ ಇಲ್ಲ, ಸಂಖ್ಯೆಯೊಂದನ್ನು ಹಿಡಿದಿಟ್ಟಿದ್ದೆ ಅನ್ನುವುದೂ ಇಲ್ಲ.

ಆದರೆ ಮಿಲ್ನರ್ ಇನ್ನೊಂದು ಪರೀಕ್ಷೆ ಮಾಡಿದರು. ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಯಾರಿಗೇ ಆದರೂ ಮೊದಲು ಕೈ ಉಲ್ಟಾ ಹೋಗುತ್ತದೆ. ಮೊಲೈಸನ್ ಮೂರು ದಿನಗಳಲ್ಲಿ ಚೆನ್ನಾಗಿ ಕಲಿತರು. ಇಂಥ ಕೆಲಸ ಹಿಂದೆಂದೂ ಮಾಡಿದ ನೆನಪು ಮಾತ್ರ ಅವರಿಗಿರಲಿಲ್ಲ. ಕೈಗೆ ನೆನಪಿತ್ತು, ಅವರಿಗೆ ಇರಲಿಲ್ಲ. ನೆನಪು ಒಂದೇ ಒಂದು ವಸ್ತುವಲ್ಲ, ಬೇರೆ ಬೇರೆ ದಾರಿಯಲ್ಲಿ ನಡೆಯುವ ಹಲವು ಕೆಲಸಗಳು ಎಂದು ಜಗತ್ತಿಗೆ ತೋರಿಸಿಕೊಟ್ಟದ್ದು ಅವರು. 2008ರಲ್ಲಿ ತೀರಿಕೊಳ್ಳುವವರೆಗೆ ಸಂಶೋಧನಾ ಬರಹಗಳಲ್ಲಿ ಅವರು ಎಚ್.ಎಂ. ಎಂಬ ಎರಡಕ್ಷರ ಮಾತ್ರ. ನೆನಪಿನ ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ಎಷ್ಟೋ ಪಾಲು ಆ ಒಬ್ಬ ಮನುಷ್ಯನ ತಾಳ್ಮೆಯ ಋಣ.

ಈಗ ತೆಗೆಯುವ ವಿಷಯಕ್ಕೆ ಬರೋಣ. 1966ರಲ್ಲಿ ಎಂಡೆಲ್ ಟುಲ್ವಿಂಗ್ ಮತ್ತು ಜೆನಾ ಪರ್ಲ್‌ಸ್ಟೋನ್ ಪದಗಳ ಉದ್ದನೆಯ ಪಟ್ಟಿಗಳನ್ನು ಕಲಿಸಿದರು. ಪದಗಳು ಪ್ರಾಣಿ, ಆಯುಧ ಎಂಬಂಥ ಗುಂಪುಗಳಿಗೆ ಸೇರಿದ್ದವು. ಕೆಲವರಿಗೆ ಖಾಲಿ ಹಾಳೆ ಕೊಟ್ಟು ಬರೆಯಿರಿ ಎಂದರು. ಇನ್ನು ಕೆಲವರಿಗೆ ಗುಂಪಿನ ಹೆಸರುಗಳಿದ್ದ ಹಾಳೆ ಕೊಟ್ಟರು. ಗುಂಪಿನ ಹೆಸರು ಸಿಕ್ಕವರು ಎಷ್ಟೋ ಜಾಸ್ತಿ ಪದ ಬರೆದರು. ಇಬ್ಬರೂ ಕಲಿತದ್ದು ಅಷ್ಟೇ, ಒಳಗೆ ಇದ್ದದ್ದೂ ಅಷ್ಟೇ. ಒಬ್ಬರಿಗೆ ತಲುಪುವ ದಾರಿ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ. ಖಾಲಿ ಹಾಳೆ ಮುಂದೆ ಕೂತು 'ನನಗೇನೂ ಗೊತ್ತಿಲ್ಲ' ಎಂದು ಕಣ್ಣೀರು ಹಾಕುವ ಮಗುವಿಗೆ ಈ ಪ್ರಯೋಗದ ಕಥೆ ಹೇಳಬೇಕು ಅನ್ನಿಸುತ್ತದೆ ನನಗೆ.

ಆ ದಾರಿಯಲ್ಲಿ ನಡೆದಷ್ಟೂ ಅದು ಸವೆದು ಸಲೀಸಾಗುತ್ತದೆ. ಇದಕ್ಕೆ ಬಹಳ ಚೆಂದದ ಸಾಕ್ಷಿ 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಮಾಡಿದ ಪ್ರಯೋಗ. ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ನಾಲ್ಕು ಸುತ್ತು ಅದನ್ನೇ ಓದಿತು. ಇನ್ನೊಂದು ಗುಂಪು ಒಂದೇ ಸುತ್ತು ಓದಿ, ಉಳಿದ ಮೂರು ಸುತ್ತು ನೋಡದೆ ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದೆ. ಒಂದು ವಾರದ ನಂತರ ಕೇಳಿದಾಗ ಓದಿದವರಿಗೆ ಶೇ. 40ರಷ್ಟು ನೆನಪಿತ್ತು, ಬರೆದವರಿಗೆ ಶೇ. 61ರಷ್ಟು. ಓದಿದ ಗುಂಪು ತಮಗೆ ಜಾಸ್ತಿ ನೆನಪಿರುತ್ತದೆ ಎಂದೇ ನಂಬಿತ್ತು. ಆ ನಂಬಿಕೆ ಸಹಜ. ನಾಲ್ಕನೇ ಸಲ ಓದುವಾಗ ಸಾಲುಗಳು ಗೊತ್ತಿರುವವೇ ಅನ್ನಿಸುತ್ತವೆ, ಸರಾಗವಾಗಿ ಹೋಗುತ್ತವೆ. ನೋಡಿದಾಗ ಗುರುತು ಸಿಗುವುದು ಬೇರೆ, ನೋಡದೆ ಹೇಳಲು ಬರುವುದು ಬೇರೆ. ಪರೀಕ್ಷೆ ಅಂದರೆ ಕಲಿತದ್ದನ್ನು ಅಳೆಯುವುದು ಮಾತ್ರ ಎಂದುಕೊಂಡು ನಾವು ಅದನ್ನು ಭಯದ ವಸ್ತು ಮಾಡಿದ್ದೇವೆ. ಅಂಕವಿಲ್ಲದೆ, ಭಯವಿಲ್ಲದೆ, ಪುಸ್ತಕ ಮುಚ್ಚಿ ತನಗೆ ತಾನೇ ಹೇಳಿಕೊಳ್ಳುವುದೇ ಕಲಿಕೆ. ಶಾಲೆಗಳಲ್ಲಿ ಇದನ್ನು ಮೊದಲ ದಿನವೇ ಹೇಳಿಕೊಡಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಆದರೆ ನೆನಪನ್ನು ಗಟ್ಟಿ ಮಾಡುವ ಈ ಕೆಲಸವೇ ಅದನ್ನು ತಿದ್ದುತ್ತದೆ ಕೂಡ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಒಂದು ಚಿಕ್ಕ ಚಲನಚಿತ್ರ ತೋರಿಸಿದರು. 50 ಜನರನ್ನು, ಕಾರುಗಳು ಅಪ್ಪಳಿಸಿಕೊಂಡಾಗ ಎಷ್ಟು ವೇಗದಲ್ಲಿದ್ದವು ಎಂದು ಕೇಳಿದರು. ಇನ್ನು 50 ಜನರನ್ನು, ಗುದ್ದಿಕೊಂಡಾಗ ಎಷ್ಟು ವೇಗ ಎಂದು ಕೇಳಿದರು. ಉಳಿದ 50 ಜನರಿಗೆ ವೇಗದ ಪ್ರಶ್ನೆಯೇ ಇಲ್ಲ. ಒಂದು ವಾರದ ನಂತರ ಎಲ್ಲರಿಗೂ ಒಂದೇ ಪ್ರಶ್ನೆ: ಒಡೆದ ಗಾಜು ನೋಡಿದಿರಾ? ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಮೊದಲ ಗುಂಪಿನಲ್ಲಿ 16 ಜನ ಹೌದು ಎಂದರು, ಎರಡನೆಯದರಲ್ಲಿ 7, ಮೂರನೆಯದರಲ್ಲಿ 6. ಒಂದೇ ಒಂದು ಕ್ರಿಯಾಪದ ಸಾಕಾಯಿತು. ಅವರು ಸುಳ್ಳು ಹೇಳಲಿಲ್ಲ. ಕೇಳಿದವರ ಮಾತು ಮತ್ತು ತಾವು ಕಂಡದ್ದು ನೆನೆಯುವ ಹೊತ್ತಿಗೆ ಒಂದರೊಳಗೊಂದು ಬೆರೆತಿದ್ದವು.

ಮಿದುಳಿನ ಮಟ್ಟದಲ್ಲಿ ಇದು ಹೇಗೆ ಸಾಧ್ಯ ಅನ್ನುವುದಕ್ಕೆ ಒಂದು ಸುಳಿವು 2000ದಲ್ಲಿ ಸಿಕ್ಕಿತು. ಕರೀಂ ನಾದರ್, ಗ್ಲೆನ್ ಶೇಫ್ ಮತ್ತು ಜೋಸೆಫ್ ಲೆಡೂ ಇಲಿಗಳಿಗೆ ಒಂದು ಸದ್ದು ಕೇಳಿಸಿ ಶಾಕ್ ಕೊಟ್ಟರು. ಸದ್ದು ಕೇಳಿದರೆ ಇಲಿ ಹೆದರಿ ಅಲ್ಲೇ ಮರಗಟ್ಟುವುದನ್ನು ಕಲಿಯಿತು. ಇಂಥ ನೆನಪು ಒಮ್ಮೆ ಗಟ್ಟಿಯಾದರೆ ಮುಗಿಯಿತು ಎಂಬುದು ಆಗಿನ ತಿಳಿವಳಿಕೆ. ಇವರು ಆಮೇಲೆ ಸದ್ದನ್ನು ಇನ್ನೊಮ್ಮೆ ಕೇಳಿಸಿ, ಆ ನೆನಪು ಎದ್ದ ಹೊತ್ತಿನಲ್ಲಿ ಭಯದ ನೆನಪಿನಲ್ಲಿ ಮುಖ್ಯ ಪಾತ್ರವಿರುವ ಅಮಿಗ್ಡಲಾ ಎಂಬ ಮಿದುಳಿನ ಭಾಗಕ್ಕೆ, ನೆನಪು ಗಟ್ಟಿಯಾಗಲು ಬೇಕಾದ ಪ್ರೋಟೀನ್ ತಯಾರಿಕೆ ತಡೆಯುವ ಔಷಧ ಹಾಕಿದರು. ಮರುದಿನ ಇಲಿಗೆ ಆ ಭಯ ಹೆಚ್ಚುಕಡಿಮೆ ಹೋಗಿತ್ತು. ನೆನಪನ್ನು ಎಬ್ಬಿಸದೆ ಬರೀ ಔಷಧ ಹಾಕಿದರೆ ಏನೂ ಆಗಲಿಲ್ಲ. ಅಂದರೆ ಎದ್ದ ನೆನಪು ಸ್ವಲ್ಪ ಹೊತ್ತು ಹಸಿಯಾಗಿರುತ್ತದೆ, ಮತ್ತೆ ಗಟ್ಟಿಯಾಗಬೇಕು. ಮನುಷ್ಯರ ಎಲ್ಲ ನೆನಪಿಗೂ ಇದನ್ನು ಹಾಗೇ ಅನ್ವಯಿಸಲು ಬರುವುದಿಲ್ಲ. ಜನರ ಮೇಲೆ ಆಮೇಲೆ ನಡೆದ ಪ್ರಯೋಗಗಳು ಒಂದೇ ಉತ್ತರ ಕೊಟ್ಟಿಲ್ಲ. ಆದರೂ ಇದನ್ನು ಓದಿದ ಮೇಲೆ ಲಾಫ್ಟಸ್ ಪ್ರಯೋಗ ನನಗೆ ಅಷ್ಟು ವಿಚಿತ್ರವಾಗಿ ಕಾಣುವುದಿಲ್ಲ.

ಮನಸ್ಸಿಗೆ ಬಡಿದ ಘಟನೆಯಾದರೆ ಹಾಗಾಗುವುದಿಲ್ಲ, ಅದು ಅಚ್ಚೊತ್ತಿದ ಹಾಗೆ ಇರುತ್ತದೆ ಎಂದು ಹಲವರು ಹೇಳುತ್ತಾರೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಛಿದ್ರವಾಯಿತು. ಮರುದಿನ ಬೆಳಿಗ್ಗೆ ಉಲ್ರಿಕ್ ನೈಸರ್ ತಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ ಎಂದು ಬರೆಸಿಕೊಂಡರು. ಎರಡೂವರೆ ವರ್ಷದ ನಂತರ ನಿಕೋಲ್ ಹಾರ್ಶ್ ಜೊತೆ ಸೇರಿ ಅವರಲ್ಲಿ 44 ಜನರನ್ನು ಮತ್ತೆ ಅದನ್ನೇ ಕೇಳಿದರು. ಮುಖ್ಯ ಸಂಗತಿಗಳು ಪೂರ್ತಿ ಹೊಂದಿದ್ದು ಮೂವರದ್ದು ಮಾತ್ರ. 11 ಜನರದ್ದು ಒಂದೂ ಹೊಂದಲಿಲ್ಲ. ಖಚಿತತೆ ಮಾತ್ರ ಬಹಳ ಜನರಲ್ಲಿ ಗಟ್ಟಿಯಾಗಿತ್ತು. ತಮ್ಮದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ. ದೊಡ್ಡ ಸುದ್ದಿಯನ್ನು ನಾವು ಮತ್ತೆ ಮತ್ತೆ ಹೇಳುತ್ತೇವೆ, ಬೇರೆಯವರ ಕಥೆಯನ್ನೂ ಕೇಳುತ್ತೇವೆ. ಹೇಳಿದ ಪ್ರತಿಸಲವೂ ಹೇಳಿದ ರೂಪವೇ ನೆನಪಾಗುತ್ತದೆ.

ಇದು ಪ್ರಯೋಗಶಾಲೆಯ ಮಾತಷ್ಟೇ ಅಲ್ಲ. ಶಾಲೆಯ ವೇದಿಕೆಯಲ್ಲಿ ಪದ್ಯ ಹೇಳಲು ನಿಂತು, ಅರ್ಧಕ್ಕೆ ಮರೆತು ಅತ್ತದ್ದು ನಾನು ಎಂದು ನನಗೆ ನೆನಪು. ಅತ್ತದ್ದು ತಾನು ಎಂದು ಅಕ್ಕನಿಗೆ ನೆನಪು. ಪರದೆಯ ಬಣ್ಣ ಇಬ್ಬರಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಮ್ಮನಿಗೂ ಖಚಿತವಿಲ್ಲ. 2001ರಲ್ಲಿ ಮರ್ಸಿಡಿಸ್ ಶೀನ್, ಸೈಮನ್ ಕೆಂಪ್ ಮತ್ತು ಡೇವಿಡ್ ರೂಬಿನ್ ಅವಳಿಗಳ ಮೇಲೆ ಇಂಥದ್ದೇ ಅಧ್ಯಯನ ಮಾಡಿದ್ದಾರೆ. ಒಬ್ಬರಿಗಷ್ಟೇ ಆಗಿರಬಹುದಾದ ಘಟನೆ ತನ್ನದೇ ಎಂದು ಇಬ್ಬರೂ ಪ್ರಾಮಾಣಿಕವಾಗಿ ನಂಬಿರುವುದು ಅಪರೂಪವಲ್ಲ ಎಂದು ಕಂಡುಕೊಂಡರು. ಆ ಬರಹ ಓದಿದ ಮೇಲೆ ನಾನು ಮತ್ತು ಅಕ್ಕ ಈ ವಿಷಯಕ್ಕೆ ವಾದ ಮಾಡುವುದನ್ನು ಬಿಟ್ಟಿದ್ದೇವೆ. ಇಬ್ಬರಿಗೂ ಅದು ಈಗ ಇಬ್ಬರ ನೆನಪು.

ಮರೆವಿನ ಬಗ್ಗೆ ಒಂದು ಮಾತು. ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪ್ರಯೋಗಕ್ಕೆ ಒಳಗಾದವರು ಅವರೊಬ್ಬರೇ. ಅರ್ಥವಿಲ್ಲದ ಸುಮಾರು 2300 ಉಚ್ಚಾರಗಳನ್ನು ತಯಾರಿಸಿಕೊಂಡು, ಪಟ್ಟಿ ಮಾಡಿ ಉರು ಹೊಡೆದು, ಬೇರೆ ಬೇರೆ ಅಂತರದಲ್ಲಿ ಮತ್ತೆ ಕಲಿಯುತ್ತಿದ್ದರು. ಕಲಿತದ್ದು ಮೊದಲು ಬೇಗ, ಆಮೇಲೆ ನಿಧಾನವಾಗಿ ಮರೆತುಹೋಗುತ್ತದೆ ಎಂದು ತೋರಿಸುವ ಅವರ ಇಳಿಜಾರಿನ ಗೆರೆ ಬಹಳ ಪ್ರಸಿದ್ಧ. ಅವರು ಅಳೆದದ್ದು ಏನನ್ನು ಅನ್ನುವುದು ಅಷ್ಟು ಪ್ರಸಿದ್ಧವಲ್ಲ. ಎಷ್ಟು ನೆನಪಿದೆ ಎಂದು ಅವರು ಅಳೆಯಲಿಲ್ಲ. ಎರಡನೇ ಸಲ ಕಲಿಯುವಾಗ ಎಷ್ಟು ಶ್ರಮ ಉಳಿತಾಯವಾಯಿತು ಎಂದು ಅಳೆದರು. ಒಂದು ಗಂಟೆಯ ನಂತರ ಶೇ. 44ರಷ್ಟು ಉಳಿತಾಯ, ಒಂದು ದಿನದ ನಂತರ ಸುಮಾರು ಮೂರನೇ ಒಂದು ಭಾಗ, ಒಂದು ತಿಂಗಳಾದರೂ ಐದನೇ ಒಂದು ಭಾಗದಷ್ಟು. ತಿಂಗಳ ನಂತರ ಆ ಪಟ್ಟಿ ತಾನಾಗಿ ನಾಲಿಗೆಗೆ ಬರುವಂಥದ್ದಲ್ಲ. ಆದರೂ ಮತ್ತೆ ಕಲಿಯುವುದು ಬೇಗ ಆಗುತ್ತಿತ್ತು. ಪೂರ್ತಿ ಮರೆತೆ ಅನ್ನಿಸುವ ಹಳೆಯ ಭಾಷೆ, ಹಳೆಯ ಗಣಿತಕ್ಕೆ ಮರಳಲು ಹೆದರುವವರು ಈ ಐದನೇ ಒಂದು ಭಾಗವನ್ನು ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟು ಬದಲಾಗುವ ನೆನಪು ನಮಗೇಕೆ ಬಂತು? ನನಗೆ ಒಪ್ಪಿಗೆಯಾದ ಉತ್ತರ 2007ರ ಒಂದು ಅಧ್ಯಯನದಲ್ಲಿದೆ. ಡೆಮಿಸ್ ಹಸಾಬಿಸ್, ಎಲೀನರ್ ಮ್ಯಾಗೈರ್ ಮತ್ತು ಸಂಗಡಿಗರು, ಹಿಪೊಕ್ಯಾಂಪಸ್‌ಗೆ ಪೆಟ್ಟಾಗಿ ನೆನಪು ಕಳೆದುಕೊಂಡ ಐವರನ್ನು ಭೇಟಿಯಾದರು. ಹಿಂದಿನದನ್ನು ಕೇಳಲಿಲ್ಲ. ಬಿಳಿ ಮರಳಿನ ಕಡಲತೀರದಲ್ಲಿ ಮಲಗಿದ್ದೀರಿ ಎಂದುಕೊಳ್ಳಿ, ಸುತ್ತ ಏನಿದೆ ಹೇಳಿ ಎಂಬಂಥ ಪ್ರಶ್ನೆ ಕೇಳಿದರು. ಐವರಲ್ಲಿ ನಾಲ್ವರ ವರ್ಣನೆ ಚೂರುಚೂರಾಗಿತ್ತು. ಎಲ್ಲವೂ ಸೇರಿ ಒಂದು ಜಾಗವಾಗಿ ಅವರ ಕಣ್ಣಮುಂದೆ ನಿಲ್ಲಲೇ ಇಲ್ಲ. ನಿನ್ನೆಯನ್ನು ಕಟ್ಟುವ ಮತ್ತು ನಾಳೆಯನ್ನು ಕಟ್ಟುವ ಕೆಲಸಕ್ಕೆ ಮಿದುಳು ಬಹುಮಟ್ಟಿಗೆ ಒಂದೇ ಭಾಗವನ್ನು ಬಳಸುತ್ತದೆ. ಕಂಡದ್ದು ಬಿಡಿಬಿಡಿ ಚೂರುಗಳಾಗಿ ಉಳಿದರೆ ತಾನೇ ಅವನ್ನು ಹೊಸ ರೀತಿ ಜೋಡಿಸಿ, ಇನ್ನೂ ನಡೆಯದ ಸಂಗತಿಯನ್ನು ಯೋಚಿಸಲು ಬರುವುದು? ನಮ್ಮ ನೆನಪು ತಪ್ಪುವುದಕ್ಕೂ ನಮಗೆ ಕಲ್ಪನೆ ಇರುವುದಕ್ಕೂ ಕಾರಣ ಒಂದೇ ಇರಬೇಕು ಎಂದು ನನ್ನ ಎಣಿಕೆ.

ಹಾಗಾದರೆ ಬೇರೆಯವರ ನೆನಪನ್ನು ಕೇಳುವುದು ಹೇಗೆ? 1980ರ ದಶಕದಲ್ಲಿ ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೈಸಲ್ಮನ್ ಸಾಕ್ಷಿಗಳನ್ನು ಮಾತಾಡಿಸಲು ಒಂದು ವಿಧಾನ ರೂಪಿಸಿದರು. ನಡೆದದ್ದನ್ನು ಸಾಕ್ಷಿ ತನ್ನ ಮಾತಿನಲ್ಲಿ ತಾನೇ ಹೇಳಲಿ. ನಡುವೆ ಬಾಯಿ ಹಾಕಬೇಡಿ, ನಿಮಗೆ ಗೊತ್ತಿರುವುದನ್ನು ಪ್ರಶ್ನೆಯೊಳಗೆ ಸೇರಿಸಬೇಡಿ. ಆ ದಿನದ ಜಾಗ, ಬೆಳಕು, ಮನಸ್ಥಿತಿಯನ್ನು ಮೊದಲು ಅವರೇ ನೆನೆಸಿಕೊಳ್ಳಲಿ. ಅಮ್ಮನ ಬಾಲ್ಯದ ಬಗ್ಗೆ ಕೇಳುವಾಗ ನಾನೂ ಈಗ ಹೀಗೇ ಮಾಡುತ್ತೇನೆ. 'ಆಗ ನಿಮಗೆ ಭಯವಾಯ್ತಾ?' ಎಂದು ಕೇಳುವುದಿಲ್ಲ, 'ಆಮೇಲೆ?' ಅನ್ನುತ್ತೇನೆ ಅಷ್ಟೇ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ದಿನಾಂಕ ಹಾಕುತ್ತೇನೆ. ಇನ್ನೊಂದು ಸಲ ಅದೇ ಸಂಗತಿಯನ್ನು ಬೇರೆ ರೀತಿ ಹೇಳಿದರೆ ಹಳೆಯದನ್ನು ಹೊಡೆದುಹಾಕುವುದಿಲ್ಲ, ಹೊಸದನ್ನೂ ದಿನಾಂಕದ ಜೊತೆ ಅದರ ಕೆಳಗೇ ಬರೆದಿಡುತ್ತೇನೆ.